ಸೋಬಾನೆ ಮುನಿತಾಯಮ್ಮ

ಬಾಗಲೂರಿನ ಮುನಿತಾಯಮ್ಮನ ಅಜ್ಜಿ ಸುತ್ತಲ ಹಳ್ಳಿಗಳ ಹಸೆಮಣೆಗೆಲ್ಲ ಸೋಬಾನೆ ಹಾಡಿದವಳು. ತಾಯಿ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಹಾಡಿಯೇ ತವರಾದವಳು. ಮುನಿತಾಯಮ್ಮನೂ ಅದೇ ಹಾದಿ ಹಿಡಿದಳು.

ನಾಲಗೆಯ ಮೇಲೆ ಹುಣ್ಣಾದಾಗ, ನೋವು ಸಾಯಲೆಂದು ಹೊಗೆಸೊಪ್ಪಿನ ಕಡ್ಡಿಪುಡಿಯನ್ನೇ ಒತ್ತಿಟ್ಟುಕೊಂಡಳು. ಅದು ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಬೇರು ಬಿಟ್ಟಿತ್ತು. ಡಾಕ್ಟರು ಎರಡೇ ದಾರಿ ಹೇಳಿದರು: ನಾಲಗೆ ತೆಗೆದು ರೇಡಿಯೇಷನ್ನಿನ ಕರೆಂಟ್ ಕೊಟ್ಟರೆ ಬದುಕುವ ಆಸೆಯುಂಟು; ಒಲ್ಲೆನೆಂದರೆ ನೋವಿಗೆ ಮಾತ್ರೆಯಷ್ಟೇ.

ಮಗಳು ನಂಜಮ್ಮ ಕಾಲು ಹಿಡಿದಳು. "ಆಪ್ರೇಸನ್ ಮಾಡ್ಸ್ಕೊಳವ್ವಾ. ಎಲ್ಲಾ ನಾ ನೋಡ್ಕೊಂತೀನಿ. ಮೂಕಿಯಾಗಾದ್ರೂ ನಮ್ ಜೊತೆ ಇರು."

ಮುನಿತಾಯಮ್ಮ ಸೆರಗಿನಿಂದ ಅವಳ ಕಣ್ಣು ಒರೆಸಿದಳು.

"ನಾಲ್ಗೆ ಇಲ್ದೆ ಮದ್ವೇಲಿ ಹಾಡಿ ಬೀಗರ್ನ ಎಂಗ್ ಜರೀಲಿ? ನಿನ್ನ ಎಂಗೆ ಕೂಗ್ಲಿ? ಬ್ಯಾಡ ಕಣ್ ಮಗಾ, ನನ್ನ ಇಂಗೇ ಬಿಟ್ಬುಡು."