ಲಕೋಟೆಯ ಕೆಳಗಿನ ಸಾಲು

ಕೊರೋನಾ ತಣ್ಣಗಾಗಿ ಕಚೇರಿಗಳು ಮೊದಲಿನಂತೆ ತೆರೆದ ವರ್ಷ. ಆಗ ನಾನು ಪುಣೆಯ ಒಂದು ಹರ್ಬೇರಿಯಂನಲ್ಲಿ ಹಿರಿಯ ಸಸ್ಯವಿಜ್ಞಾನಿ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಹರ್ಬೇರಿಯಂ ಎಂದರೆ ಒಣಗಿದ ಗಿಡಗಳ ಸಂಗ್ರಹ. ಕಿತ್ತು ತಂದ ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಯಾರು, ಎಲ್ಲಿಂದ, ಯಾವಾಗ ತಂದರೆಂಬ ಚೀಟಿಯನ್ನು ಕೆಳಮೂಲೆಗೆ ಹಚ್ಚುತ್ತೇವೆ. ಉದುರಿದ ಹೂವು, ಬೀಜಗಳನ್ನು ಚಿಕ್ಕದೊಂದು ಕಾಗದದ ಲಕೋಟೆಗೆ ಹಾಕಿ ಅದೇ ಹಾಳೆಯ ಖಾಲಿ ಜಾಗದಲ್ಲಿ ಅಂಟಿಸುವುದು ಪದ್ಧತಿ. ಧಾರವಾಡದಿಂದ ಬಂದ ನಾನು ಈ ಅಂಟಿಸುವ ಕೆಲಸದಿಂದಲೇ ನೌಕರಿ ಶುರು ಮಾಡಿದವನು. ನನ್ನ ಹಾಳೆಗಳ ಅಚ್ಚುಕಟ್ಟಿನ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ನಮ್ಮ ಕಪಾಟಿನಲ್ಲಿ ಸೆರೋಪೇಜಿಯಾ ಕುಲದ ಒಂದು ಗಿಡದ ಒಂದೇ ಒಂದು ಹಾಳೆ ಇತ್ತು. ನಾನು ಹುಟ್ಟುವ ಮೊದಲೇ ಯಾರೋ ತಂದದ್ದು. ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದರ ಹೂವು ಗೇಣುದ್ದದ ಗಿಡದಲ್ಲಿ ಪುಟ್ಟ ಕಂದೀಲಿನಂತೆ ನಿಲ್ಲುತ್ತದೆ. ವಾಸನೆಗೆ ಬಂದ ನೊಣ ಕೊಳವೆಯೊಳಗೆ ಜಾರಿದರೆ, ಕೆಳಮುಖವಾಗಿ ಬೆಳೆದ ರೋಮಗಳು ಅದನ್ನು ಹೊರಗೆ ಬಿಡುವುದಿಲ್ಲ. ಆ ರೋಮಗಳು ಬಾಡಿದ ಮೇಲೆ ನೊಣಕ್ಕೆ ಬಿಡುಗಡೆ, ಮೈಗೆ ಪರಾಗ ಅಂಟಿಸಿಕೊಂಡು! ಕೊಲ್ಲುವುದಿಲ್ಲ, ಸುಮ್ಮನೆ ಕೂಡಿಹಾಕಿ ಕೆಲಸ ಮಾಡಿಸಿಕೊಳ್ಳುತ್ತದೆ. ಇಂಥ ಕಿಲಾಡಿ ಹೂವನ್ನು ಜೀವಂತ ನೋಡದೆ ನಿವೃತ್ತನಾಗಬಾರದೆಂದು ಹಟ ಹಿಡಿದೆ.

ಚೀಟಿಯಲ್ಲಿದ್ದ ಗುಡ್ಡ ಪುಣೆಯಿಂದ ಎರಡೂವರೆ ತಾಸಿನ ಹಾದಿ. ಹೆಸರು ಹೇಳಲಾರೆ, ಹೇಳಿದರೆ ಮುಂದಿನ ಭಾನುವಾರವೇ ಕ್ಯಾಮೆರಾ ಹೊತ್ತು ಜನ ಹೊರಡುತ್ತಾರೆ. ಗಣಪತಿ ಹಬ್ಬದ ಹಿಂದಿನ ವಾರ ನಾನು, ಮೈಸೂರಿನ ಕಿರಿಯ ಸಹೋದ್ಯೋಗಿ ರಮ್ಯಾ ಇಬ್ಬರೂ ಹತ್ತಿದೆವು. ಅರ್ಧ ದಾರಿಯಲ್ಲಿ ಹಿರಾಬಾಯಿ ಸಿಕ್ಕಳು. ಕನ್ನಡ ಮಾತಾಡುವ ಜತ್ತ ಸೀಮೆಯಿಂದ ಗುಡ್ಡದ ಬುಡದ ಊರಿಗೆ ಸೊಸೆಯಾಗಿ ಬಂದವಳು. ಎರಡು ಎಮ್ಮೆ ಸಾಕಿ, ಗುಡ್ಡ ಹತ್ತುವವರಿಗೆ ಮಡಕೆಯ ಮೊಸರು ಮಾರುತ್ತಿದ್ದಳು. ಮೊಬೈಲಿನಲ್ಲಿ ಚಿತ್ರ ತೋರಿಸಿದೆ.

"ಅಯ್ಯ, ಇದೇನ್ ರೀ? ನಮ್ಮ ಎಮ್ಮಿ ಮೇಯೋ ಜಾಗಾದಾಗ ಐತಲ್ಲ, ಬರ್ರಿ," ಎಂದು ಮೊಸರಿನ ಬುಟ್ಟಿ ಅಲ್ಲೇ ಇಟ್ಟು ನಡೆದಳು.

ಕಡಿದಾದ ಬಂಡೆಯ ಕೆಳಗೆ, ಎರಡು ವಾಲಿಬಾಲ್ ಅಂಕಣದಷ್ಟು ಹಸಿರು ಸಮತಟ್ಟು. ಅಲ್ಲಿ ಹತ್ತೊಂಬತ್ತು ಗಿಡ ಹೂಬಿಟ್ಟಿದ್ದವು. ಕಣ್ಣು ತುಂಬಿ ಬಂತು; ಬೆವರು ಎಂದು ರಮ್ಯಾಳಿಗೆ ಸುಳ್ಳು ಹೇಳಿದೆ. ಗಿಡಗಳ ಮಗ್ಗುಲಲ್ಲೇ ಒಣಗಿದ ಸಗಣಿ, ಗೊರಸಿನ ಗುರುತು. ಇಡೀ ಜಗತ್ತಿನಲ್ಲಿ ಗೊತ್ತಿರುವ ಹತ್ತೊಂಬತ್ತು ಗಿಡ, ಎರಡು ಎಮ್ಮೆಯ ಬಾಯಿಗೆ ಒಂದು ತುತ್ತು!

ವಾಪಸು ಬಂದವನೇ ವರದಿ ಬರೆದೆ: ಮೇಯಿಸುವುದನ್ನು ಕೂಡಲೇ ನಿಲ್ಲಿಸಬೇಕು, ಬೇಲಿ ಹಾಕಬೇಕು. ನನ್ನ ಮಾತಿಗೆ ತೂಕವಿತ್ತು. ಬೇಸಿಗೆಯೊಳಗೆ ಮುಳ್ಳುತಂತಿ ಬಂತು.

ಬೇಲಿ ಹಾಕುವ ದಿನ ಹಿರಾಬಾಯಿ ಕಂಬದ ಹತ್ತಿರ ನಿಂತು ಕೇಳಿದಳು: "ಸಾಹೇಬ್ರ, ಮೊದಲ ಮಳಿಗೆ ಎಮ್ಮಿ ಬಿಡತೀವ್ರಿ. ಶ್ರಾವಣಕ್ಕ ಕಲ್ಲ ಜಾರತಾವ ಅಂತ ತಳಗ ಒಯ್ತೀವಿ. ಆಮ್ಯಾಲ ಈ ಹೂ ಬರೂದು. ಎಮ್ಮಿ ಬಿಡಲಿಲ್ಲಂದ್ರ ಹೂ ಹ್ಯಾಂಗ್ ಬರತಾವ್ರಿ?"

"ಹಿರಾಬಾಯಿ, ಅದನ್ನ ನೋಡಲಿಕ್ಕೆ ನಾವಿದ್ದೇವಿ," ಎಂದೆ. ಮೂವತ್ತೈದು ವರ್ಷ ಗಿಡ ಓದಿದವನ ಉತ್ತರ ಅಷ್ಟೇ.

ಮರುವರ್ಷ ಏಳು ಗಿಡ. ಮಳೆ ಹೆಚ್ಚಾಯಿತು ಎಂದು ಬರೆದೆ. ಅದರ ಮರುವರ್ಷ ಎರಡು. ಸೊಂಟದೆತ್ತರದ ಹುಲ್ಲನ್ನು ಸರಿಸಿ ಸರಿಸಿ ಹುಡುಕಬೇಕಾಯಿತು. ಕೈಯೆಲ್ಲ ಗೀರು. ನನ್ನ ನಿವೃತ್ತಿಗೆ ಆಗ ಆರು ತಿಂಗಳು ಉಳಿದಿತ್ತು. ಕಾಪಾಡುತ್ತೇನೆಂದು ಹೊರಟವನ ಕಾಲದಲ್ಲೇ ಈ ಗಿಡದ ಕಥೆ ಮುಗಿಯುತ್ತದೆಯೇ?

"ಸಾರ್, ಹಳೇ ಶೀಟ್ ಇನ್ನೊಂದ್ಸಲ ನೋಡೋಣ್ವಾ? ಜಾಗ ಹೇಗಿತ್ತು ಅಂತ ಕಲೆಕ್ಟ್ ಮಾಡಿದೋರು ಏನಾದ್ರೂ ಬರ್ದಿರ್ತಾರೆ," ಎಂದಳು ರಮ್ಯಾ.

"ಚೀಟಿ ನನಗೆ ಬಾಯಿಪಾಠ. ಅದರಲ್ಲಿ ಏನೂ ಇಲ್ಲ," ಎಂದು ಗದರಿದೆ. ಅವಳು ಕೇಳಲಿಲ್ಲ, ಕಪಾಟಿನಿಂದ ತೆಗೆದೇಬಿಟ್ಟಳು. ದೀಪದ ಕೆಳಗೆ ಹಾಳೆಯನ್ನು ಓರೆ ಹಿಡಿದು, "ಸಾರ್, ಕವರ್ ಪಕ್ಕ ಪೆನ್ಸಿಲ್ ಗೆರೆ ಇದೆ," ಎಂದಳು.

ಬೀಜದ ಲಕೋಟೆಯ ಅಂಚಿನಿಂದ ಒಂದು ಅಕ್ಷರದ ಬಾಲ ಹೊರಗೆ ಇಣುಕುತ್ತಿತ್ತು. ಒದ್ದೆ ಒತ್ತುಕಾಗದ ಇಟ್ಟು ಅಂಟನ್ನು ನೆನೆಸಿ, ಚಿಮಟದಿಂದ ಲಕೋಟೆಯನ್ನು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಎರಡು ಸಾಲು ಇದ್ದವು. ಅದರ ಅರ್ಥ ಇಷ್ಟು: ದನ ಮೇಯ್ದು ಗಿಡ್ಡವಾದ ಹುಲ್ಲಿನಲ್ಲಿ ಮಾತ್ರ ಸಿಕ್ಕಿತು, ಎತ್ತರದ ಹುಲ್ಲಿನಲ್ಲಿ ಒಂದೂ ಇಲ್ಲ.

ಲಕೋಟೆ ಅಂಟಿಸಿದವರು ಅದರ ಹಿಂದೆ ಸಹಿ ಮಾಡುವ ವಾಡಿಕೆ ನಮ್ಮಲ್ಲಿದೆ. ತಿರುಗಿಸಿದೆ. ಸಹಿ ನನ್ನದೇ! ನೌಕರಿಯ ಮೊದಲ ವರ್ಷ, ಹಳೆಯ ಹಾಳೆಗಳನ್ನು ರಿಪೇರಿ ಮಾಡುವಾಗ, ಅಂದವಾಗಿ ಕಾಣಲೆಂದು ಖಾಲಿ ಜಾಗದ ನಟ್ಟನಡುವೆ, ನೇರವಾಗಿ ಅಂಟಿಸಿದ್ದೆ. ರಮ್ಯಾ ಪಾಪ, ಚಹಾ ತರುತ್ತೇನೆಂದು ಎದ್ದು ಹೋದಳು.

ಹಿರಾಬಾಯಿಯ ಮನೆಗೆ ಹೋಗಲು ನಾಚಿಕೆಯಾಗುತ್ತಿತ್ತು, ಆದರೂ ಹೋದೆ. ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ ಇತ್ತು.

"ಇನ್ನೊಂದು?"

"ಮೇವು ಸಾಲಲಿಲ್ರಿ. ಮಾರಿದ್ವಿ."

"ತಪ್ಪಾತು ಹಿರಾಬಾಯಿ. ನೀವು ಹೇಳಿದ್ದು ಖರೆ ಇತ್ತು, ನಾ ಕೇಳಲಿಲ್ಲ. ಉಳಿದ ಗಿಡ ಸತ್ತಾವೇನ್ರಿ?"

ಅವಳು ಎಮ್ಮೆಯ ಮುಂದೆ ಹುಲ್ಲು ಹಾಕಿದಳು. "ನೆಲದಾಗಿನ ಗಡ್ಡಿ ಸಾಯೂದಿಲ್ಲ ತಗೋರಿ, ಸಿಟ್ಟಾಗಿ ಒಳಗ ಕುಂತಿರತೈತಿ. ಬೆಳಕ ಬಿಡ್ರಿ, ಬರತೈತಿ. ಎಮ್ಮಿ ಮಾತ್ರ ವಾಪಸ್ ಬರೂದಿಲ್ಲ."



ನೌಕರಿಯ ಕೊನೆಯ ತಿಂಗಳು ಹೊಸ ವರದಿ ಬರೆದೆ. ಮೊದಲ ಸಾಲಿನಲ್ಲೇ, ಹಿಂದಿನ ಶಿಫಾರಸು ನನ್ನ ತಪ್ಪು ಎಂದು ಒಪ್ಪಿಕೊಂಡೆ. "ಹೋಗುವ ಹೊತ್ತಿನಲ್ಲಿ ಇದೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ?" ಎಂದು ಮೇಲಿನವರು ಮರಾಠಿಯಲ್ಲಿ ಬುದ್ಧಿ ಹೇಳಿದರು. ನಾನು ಆ ಸಾಲನ್ನು ತೆಗೆಯಲಿಲ್ಲ. ಬೇಸಿಗೆಯಲ್ಲಿ ತಂತಿ ಬಿಚ್ಚಿದರು. ಮೊದಲ ಮಳೆಗೆ ಹಿರಾಬಾಯಿಯ ಎಮ್ಮೆಯೂ ಊರಿನ ಇನ್ನಷ್ಟು ದನವೂ ತಟ್ಟು ಹತ್ತಿದವು.

ಗಣಪತಿ ಹಬ್ಬದ ಹಿಂದಿನ ವಾರ, ಪಿಂಚಣಿದಾರನಾಗಿ, ಊರುಗೋಲು ಹಿಡಿದು ಹಿರಾಬಾಯಿಯ ಜೊತೆ ಮತ್ತೆ ಹತ್ತಿದೆ. ಹುಲ್ಲು ಕಾಲ ಹಿಮ್ಮಡಿಯಷ್ಟೇ ಇತ್ತು. ಅದರ ನಡುವೆ ಅಲ್ಲಲ್ಲಿ ಕಂದೀಲು ನಿಂತಿದ್ದವು. ಗಿಡ ಗುರುತಿಸುವುದನ್ನು ನೌಕರಿ ನನಗೆ ಮೊದಲ ಹತ್ತು ವರ್ಷದಲ್ಲೇ ಕಲಿಸಿತ್ತು. ನನ್ನ ಕೈಯಾರೆ ಏನನ್ನು ಮುಚ್ಚಿದ್ದೇನೆಂದು ನೋಡಿಕೊಳ್ಳುವುದನ್ನು ಕೊನೆಯ ಆರು ತಿಂಗಳಲ್ಲಿ ಕಲಿಸಿತು. ಈಗ ಕಲಿತೆನಲ್ಲ ಎಂಬ ಸಮಾಧಾನದಲ್ಲಿ ಹೆಗಲ ಚೀಲ ಇಳಿಸಿ, ಬೆರಳು ಮಡಿಸುತ್ತ ಎಣಿಸಿದೆ.

"ಹದಿನಾರು, ಹಿರಾಬಾಯಿ!"

ಅವಳು ಸೆರಗು ಬಾಯಿಗಿಟ್ಟು ನಕ್ಕಳು.

"ಹದಿನೇಳು ಸಾಹೇಬ್ರ. ಆ ನಿಮ್ಮ ಚೀಲ ಎತ್ರಿ."