ಕರೆದರೆ ತಿರುಗಿ ನೋಡುತ್ತಾಳೆ

ನನ್ನ ತಂಗಿಗೆ ನಾನೊಂದು ಸುಳ್ಳು ಹೇಳಿದ್ದೇನೆ. ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತೇ ಎಂಬುದು ಮಾತ್ರ ಇವತ್ತಿಗೂ ಖಚಿತವಿಲ್ಲ. ಗೊತ್ತಿತ್ತು ಎಂದು ಕೆಲವು ದಿನ ಅನ್ನಿಸುತ್ತದೆ. ಮುಂದೆ ನಡೆದದ್ದನ್ನೆಲ್ಲ ಕಂಡ ಮನಸ್ಸು ಹಿಂದಕ್ಕೆ ಹೋಗಿ ಆ ಅರಿವನ್ನು ಅಲ್ಲಿ ಇಟ್ಟುಬಂದಿರಬಹುದು ಎಂದು ಇನ್ನು ಕೆಲವು ದಿನ. ನೆನಪು ಹಾಗೆ ಮಾಡುತ್ತದೆ ಎಂದು ಓದಿ ಬಲ್ಲೆ – ಓದಿ ಬಲ್ಲೆ ಎನ್ನುವುದೇ ನನ್ನ ತೊಂದರೆ.

ಹೇಳಿದ ಮಾತು ಇಷ್ಟು: "ಕರೆದ್ರೆ ತಿರುಗಿ ನೋಡ್ತಾಳಲ್ಲ. ಮೊನ್ನೆ ಪೊಳಲಿಯಲ್ಲಿ ನಾನೇ ನೋಡಿದ್ದೇನೆ."

ತಂಗಿಯ ಹೆಸರು ವನಿತಾ. ಅವಳ ಮಗಳು ತನ್ವಿಗೆ ಆಗ ಒಂದೂವರೆ ವರ್ಷ ದಾಟಿತ್ತು. ಭಾವ ಕುವೈತಿನಲ್ಲಿ, ತಂಗಿ ಮತ್ತು ಮಗು ಮೂಡುಬಿದಿರೆಯ ಹತ್ತಿರ ತೋಡಾರಿನಲ್ಲಿ, ಅವರೇ ಕಟ್ಟಿಸಿದ ತಾರಸಿ ಮನೆಯಲ್ಲಿ. ನಾನು ಅಮ್ಮನ ಜೊತೆ ಬಂಟ್ವಾಳದಲ್ಲಿದ್ದೇನೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನ. ಕಾನೂನಿನ ಮಟ್ಟಿಗೆ ಅದರ ಕಾಲ ಎಂದೋ ಮುಗಿದಿದೆ. ಆದರೂ ತಂಗಿಯ ಮಗುವಿಗೆ ಹೆಸರಿಡುವುದರಿಂದ ಹಿಡಿದು ಶಾಲೆಗೆ ಸೇರಿಸುವವರೆಗೆ ಸೋದರಮಾವನನ್ನು ಒಂದು ಮಾತು ಕೇಳುವುದು ಬಿಟ್ಟುಹೋಗಿಲ್ಲ. ಇಂಥ ಪದ್ಧತಿಗಳನ್ನೆಲ್ಲ ನಾನು ಗೇಲಿ ಮಾಡುವವ. ನನ್ನನ್ನು ಕೇಳಿದಾಗ ಮಾತ್ರ ಗೇಲಿ ಮಾಡಿದ ನೆನಪಿಲ್ಲ.

ಮೂಡುಬಿದಿರೆಯ ಮಕ್ಕಳ ಡಾಕ್ಟರು ಚುಚ್ಚುಮದ್ದು ಕೊಟ್ಟ ಮೇಲೆ ವನಿತಾಳನ್ನು ಕೂರಿಸಿ ಕೆಲವು ಪ್ರಶ್ನೆ ಕೇಳಿದ್ದರು. ಬೇಕಾದದ್ದನ್ನು ಮಗು ಬೆರಳು ಮಾಡಿ ತೋರಿಸುತ್ತದೆಯೇ, ನೀವು ತೋರಿಸಿದ ಕಡೆ ನೋಡುತ್ತದೆಯೇ, ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ – ಹೀಗೆ. ಬಳಿಕ, ಇಷ್ಟರಿಂದಲೇ ಏನನ್ನೂ ಹೇಳಲಾಗದು, ಆದರೆ ಮಂಗಳೂರಿಗೆ ಹೋಗಿ ಒಮ್ಮೆ ಪೂರ್ತಿಯಾಗಿ ತೋರಿಸಿ, ತಡ ಮಾಡಬೇಡಿ ಎಂದರಂತೆ. ಮುಂದಿನ ಭಾನುವಾರ ಅವಳು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು.

ಅಮ್ಮ ಬಸಳೆ ಸೋಸುತ್ತಿದ್ದರು – ಬಸಳೆಯೋ, ಹರಿವೆಯೋ. ಆಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುವಾಗ ಎಷ್ಟು ಆಚೀಚೆ ಆಗಿದೆಯೋ ಹೇಳಲಾರೆ.

"ಮಂಗಳೂರಿಗೆ ಹೋಗ್ಬೇಕಂತೆ ಅಣ್ಣ. ಎಂತ ಮಾಡುವ?"

"ಎಂತಕ್ಕೆ?"

"ಕರೆದ್ರೆ ನೋಡುದಿಲ್ಲ, ಬೆರಳು ತೋರಿಸುದಿಲ್ಲ, ಮಾತೂ ಇಲ್ಲ. ಇವರ ಹತ್ರ ಫೋನಲ್ಲಿ ಹೇಳಿದೆ. ಅಣ್ಣನ ಹತ್ರ ಕೇಳು, ಅವ್ರು ಹೇಳಿದ ಹಾಗೆ ಮಾಡುವ ಅಂದ್ರು."

ಅಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಇವನೂ ನಾಲ್ಕು ವರ್ಷದವರೆಗೆ ಬಾಯಿ ಬಿಡ್ಲಿಲ್ಲ ಮಾರಾಯ್ತಿ. ಈಗ ನೋಡು, ಮುಚ್ಚುದೇ ಇಲ್ಲ."

ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ತಮಾಷೆ ಅದು. ಅಮ್ಮನೂ ನಾನೂ ನಕ್ಕೆವು. ವನಿತಾಳೂ ನಕ್ಕಳು. ಆ ನಗು ಬಂದ ಕೂಡಲೇ ಅವಳ ಮುಖ ಸಡಿಲವಾಯಿತು – ಅದನ್ನು ಕಂಡೆ, ಇದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ಹಾಗೆಯೇ ಇರಿಸಬೇಕು ಅನ್ನಿಸಿತು.

ಮತ್ತೆ ನಾನು ಶುರುಮಾಡಿದೆ. ಇಂಥ ಆರಂಭದ ತಪಾಸಣೆಯೆಂದರೆ ಸಣ್ಣ ಕಣ್ಣಿನ ಬಲೆ ಬೀಸಿದ ಹಾಗೆ, ಏನೂ ಆಗದ ಮಕ್ಕಳೂ ಅದರಲ್ಲಿ ಬೀಳುತ್ತಾರೆ ಎಂದೆ. ತಪ್ಪಾಗಿ ಎಚ್ಚರಿಸುವ ಪರೀಕ್ಷೆಗಳ ಬಗ್ಗೆ ತರಗತಿಯಲ್ಲಿ ಹೇಳುವುದನ್ನೇ ಹೇಳಿದೆ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ, ಮೊಬೈಲಿನ ಕಾರ್ಟೂನಿನಲ್ಲಿ ಇಂಗ್ಲಿಷ್ – ಮಗು ಯಾವುದನ್ನು ಹಿಡಿದುಕೊಳ್ಳಬೇಕು ಎಂದೂ ಕೇಳಿದೆ. ಬಲೆಯ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಇನ್ನೊಂದು ಅರ್ಧ ಇದೆ: ಬಲೆಗೆ ಬಿದ್ದ ಮಗುವನ್ನು ತಿಳಿದವರು ಕೂತು ಸರಿಯಾಗಿ ನೋಡಬೇಕು, ತಪಾಸಣೆ ಇರುವುದೇ ಅದಕ್ಕಾಗಿ. ಆ ಅರ್ಧವನ್ನು ಹೇಳಲಿಲ್ಲ. ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ಅಷ್ಟಕ್ಕೇ ನಿಲ್ಲಿಸಿದ್ದರೆ ಉತ್ತರದ ಅಡಿಯಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ.

ವನಿತಾ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, "ಆದ್ರೂ ಅಣ್ಣ, ಹೆಸರು ಕರೆದ್ರೆ ನೋಡ್ಬೇಕಲ್ಲ?" ಎಂದಳು.

ಆಗ ಆ ಮಾತು ಬಂತು. ಪೊಳಲಿಯಲ್ಲಿ ನಾನೇ ನೋಡಿದ್ದೇನೆ.

ಪೊಳಲಿ ದೇವಸ್ಥಾನದಲ್ಲಿ ನಡೆದದ್ದು ಇದು – ಅಥವಾ ನನಗೆ ನೆನಪಿರುವುದು ಇದು. ಪೂಜೆ ಮುಗಿಸಿ ವನಿತಾ ಪ್ರಸಾದದ ಸಾಲಿನಲ್ಲಿ ನಿಂತಿದ್ದಳು. ಮಗು ನನ್ನ ಮುಂದೆ, ಜಗಲಿಯ ಮೇಲೆ, ಬಿಸಿಲು ಬಿದ್ದ ನೆಲವನ್ನು ಅಂಗೈಯಿಂದ ಸವರುತ್ತ ಕೂತಿತ್ತು. ಹಿಂದಿನಿಂದ ತನ್ವಿ ಎಂದು ಕರೆದೆ. ಇನ್ನೊಮ್ಮೆ ಕರೆದೆ. ಸ್ವರ ಏರಿಸಿದಾಗ ಪಕ್ಕದಲ್ಲಿದ್ದ ಯಾರೋ ಹೆಂಗಸು ನನ್ನತ್ತ ತಿರುಗಿದರು, ಮಗು ತಿರುಗಲಿಲ್ಲ. ಜೇಬಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ತೆಗೆದು ಸುಮ್ಮನೆ ಹಿಸುಕಿದೆ. ಅಷ್ಟು ಸಣ್ಣ ಸದ್ದಿಗೆ ತಟ್ಟನೆ ತಿರುಗಿತು. ನನ್ನ ಮುಖವನ್ನಲ್ಲ, ಪೊಟ್ಟಣವನ್ನು ನೋಡಿತು.

ಕಿವಿ ಸರಿಯಿದೆ, ಆದರೆ ತನ್ನ ಹೆಸರಿಗೆ ತಿರುಗುವುದಿಲ್ಲ. ಇಷ್ಟನ್ನು ಆ ಕ್ಷಣದಲ್ಲೇ ಒಂದಕ್ಕೊಂದು ಸೇರಿಸಿ ನೋಡಿದೆನೇ? ಪೊಟ್ಟಣವನ್ನು ಹಿಸುಕಿದ್ದು ಪರೀಕ್ಷಿಸಲೆಂದೇ, ಅಥವಾ ಮಗುವಿಗೆ ಬಿಸ್ಕತ್ತು ಕೊಡಲೆಂದೇ? ಪರೀಕ್ಷಿಸಲು ಎಂದಾದರೆ ಡಾಕ್ಟರು ಕೇಳುವ ಮೊದಲೇ ನನಗೆ ಅನುಮಾನವಿತ್ತು ಎಂದಾಯಿತು. ಮತ್ತೆ ಆ ಭಾನುವಾರ... ಇಲ್ಲಿಗೆ ಬಂದು ನಾನು ಪ್ರತಿ ಸಲವೂ ನಿಲ್ಲುತ್ತೇನೆ.

ಒಂದನ್ನು ಮಾತ್ರ ಹೇಳಬಲ್ಲೆ. ಆ ಮಗು ನನ್ನ ಹಾಗೆ ಎಂದು ಅಮ್ಮ ಅಂದಾಗ ನನಗೆ ಖುಷಿಯಾಗಿತ್ತು. ತಡವಾಗಿ ಮಾತು ಬಂದು ಬುದ್ಧಿವಂತನಾದವನು – ಇದು ನನ್ನ ಬಗ್ಗೆ ನಾನು ಇಷ್ಟಪಟ್ಟ ಕಥೆ. ಮಂಗಳೂರಿಗೆ ಹೋಗಿದ್ದರೆ ಆ ಕಥೆಯನ್ನು ಯಾರೋ ಬೇರೆ ಹೆಸರಿನಿಂದ ಕರೆಯುತ್ತಿದ್ದರು.

"ಹಾಗಾದ್ರೆ ನಾಲ್ಕಾಗುವವರೆಗೆ ನೋಡುವ" ಎಂದು ವನಿತಾ ಎದ್ದಳು. ಮತ್ತೆ ಎರಡು ವರ್ಷಕ್ಕೂ ಮಿಕ್ಕಿ ಆ ವಿಷಯ ಎತ್ತಲಿಲ್ಲ. ಮಗು ಬೆಳೆಯಿತು. ತಲೆ ತೊಳೆಯುವಾಗ, ಕುಕ್ಕರ್ ಕೂಗಿದಾಗ, ಬಸ್ಸು ಬದಲಿ ದಾರಿ ಹಿಡಿದಾಗ ಕಿರುಚುತ್ತಿತ್ತು. ಹಟ ಎಂದರು ನೆಂಟರು. ವನಿತಾ ಮದುವೆಗಳಿಗೆ ಹೋಗುವುದನ್ನು ಬಿಟ್ಟಳು. ನಾನು ಹೋದಾಗಲೆಲ್ಲ ಮಗುವನ್ನು ಹೆಸರು ಹಿಡಿದು ಕರೆಯದಿರುವುದನ್ನು ರೂಢಿಮಾಡಿಕೊಂಡೆ. ಮಗುವಿನ ಎದುರಿಗೆ ಹೋಗಿ ಕೂತೇ ಮಾತಾಡಿಸುತ್ತಿದ್ದೆ. ಇದನ್ನು ಬರೆಯುವಾಗ ತಿಳಿಯುತ್ತದೆ – ಏನೂ ಗೊತ್ತಿಲ್ಲದವನು ಹಾಗೆ ಮಾಡುವುದಿಲ್ಲ.

ಎಲ್‌ಕೆಜಿಗೆ ಸೇರಿಸಲು ಹೋದಾಗ ಅಲ್ಲಿಯ ಟೀಚರು ಅವೇ ಪ್ರಶ್ನೆಗಳನ್ನು ಕೇಳಿದರಂತೆ. ಒಂದು ಸಂಜೆ ವನಿತಾಳ ಫೋನು ಬಂತು.

"ಮಂಗಳೂರಿಗೆ ಹೋಗಿ ಬಂದೆ ಅಣ್ಣ. ಆಟಿಸಂ ಅಂದ್ರು. ಇನ್ನು ಥೆರಪಿ ಶುರು ಮಾಡ್ಬೇಕು."

"ಹೇಳಿದ್ರೆ ನಾನೂ ಬರ್ತಿದ್ದೆ."

"ನಿನ್ನ ಹತ್ರ ಕೇಳಿದ್ರೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲ" ಎಂದಳು. ಸಿಟ್ಟಿನಿಂದಲ್ಲ. ಆ ಮೇಲೆ ಅಮ್ಮನ ಮಂಡಿನೋವು ಹೇಗುಂಟು ಎಂದು ಕೇಳಿ ಫೋನಿಟ್ಟಳು.

ನನ್ನ ಎರಡನೆಯ ತಪ್ಪು ಇದಕ್ಕಿಂತ ಸಣ್ಣದಲ್ಲ. ಥೆರಪಿಗೆ ಹೋಗುವ ದಿನಗಳಲ್ಲಿ ನಾನೇ ಕಾರು ಓಡಿಸತೊಡಗಿದೆ. ಅಲ್ಲಿಯ ಚಿಕಿತ್ಸಕಿ ಒಮ್ಮೆ ನಮ್ಮಿಬ್ಬರನ್ನೂ ಕೂರಿಸಿ, ಮೊದಲು ಸಂಶಯ ಬಂದದ್ದು ಯಾವಾಗ ಎಂದು ಕೇಳಿದರು. ಡಾಕ್ಟರು ಹೇಳಿದ್ದನ್ನು ವನಿತಾ ಮುಚ್ಚಿಡಲಿಲ್ಲ. "ಆಗ್ಲೇ ಬರ್ಬಹುದಿತ್ತಲ್ಲ?" ಎಂದರು ಅವರು. ಅವಳು ನನ್ನ ಕಡೆ ನೋಡಲಿಲ್ಲ. "ನಾನೇ ತಡ ಮಾಡಿದೆ ಮೇಡಂ. ನನಗೆ ಗೊತ್ತಾಗ್ಲಿಲ್ಲ" ಎಂದಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಗಂಟಲು ಸರಿಮಾಡಿಕೊಂಡೆ, ಅಷ್ಟೇ. ಅತ್ತೆಮನೆಯವರ ಎದುರೂ, ಭಾವನ ಎದುರೂ ಅವಳು ಹಾಗೇ ಹೇಳುತ್ತ ಬಂದಿದ್ದಾಳೆ. ಕೆಲವು ವರ್ಷಗಳಿಂದ ಅದು ಬರಿಯ ಮಾತಲ್ಲ, ಅವಳು ಅದನ್ನೇ ನಂಬಿದ್ದಾಳೆ ಎಂದು ನನಗೆ ಕಾಣುತ್ತದೆ.

ತನ್ವಿಗೆ ಈಗ ಎಂಟು. ಕೆಲವು ಮಾತುಗಳಿವೆ, ಚಿತ್ರದ ಕಾರ್ಡುಗಳಿವೆ. ನೀರು ಬೇಕಾದರೆ ನೀರಿನ ಚಿತ್ರ ತೋರಿಸುತ್ತಾಳೆ. ನಾನು ಬೇಡವಾದರೆ ಬಾಗಿಲಿನ ಚಿತ್ರ ತೋರಿಸುತ್ತಾಳೆ. ಆಗ ವನಿತಾ "ಹೋಗು ಮಾರಾಯ, ಅಪ್ಪಣೆ ಆಯ್ತು" ಎಂದು ನಗುತ್ತಾಳೆ. ಕಿರುಚುವುದು ತುಂಬ ಕಡಿಮೆಯಾಗಿದೆ. ಮೊದಲೇ ಹೋಗಿದ್ದರೆ ಇನ್ನೂ ಹೆಚ್ಚು ಮಾತು ಬರುತ್ತಿತ್ತೇ? ಯಾರೂ ಹೇಳಲಾರರು. ಒಂದು ಮಗುವಿಗೆ ಒಂದೇ ಬಾಳು, ಹೋಲಿಸಲು ಇನ್ನೊಂದು ಇಲ್ಲ. ಈ ವಾಕ್ಯದ ಹಿಂದೆ ನಾನು ಬಹಳ ಕಾಲ ಅಡಗಿದ್ದೆ. ಆದರೆ ಆ ಕಿರುಚಾಟದ ಎರಡು ವರ್ಷ ಅವಳು ಏನು ಬೇಕು, ಏನು ಬೇಡ ಎಂದು ಹೇಳಲಾಗದೆ ಕಳೆದಳಲ್ಲ – ಅದನ್ನು ತಿಳಿಯಲು ಹೋಲಿಕೆ ಬೇಕಾಗಿಲ್ಲ.

ಈ ವರ್ಷ ಒಂದು ದಿನ ಅಮ್ಮನನ್ನು ಕೇಳಿದೆ, ನಾಲ್ಕು ವರ್ಷದವರೆಗೆ ನಾನು ಮಾತಾಡದ್ದು ಹೌದೇ ಎಂದು.

"ನೀನೋ, ಮುಂಡಾಜೆ ಅಕ್ಕನ ಮಗನೋ... ಯಾರೋ ಒಬ್ಬ" ಎಂದರು. "ತಮಾಷೆಗೆ ಹೇಳುದು ಅದು. ಅದನ್ನು ನೀನು ನಂಬಿದ್ಯಾ, ಇಷ್ಟು ಓದಿ?"

ಎಲ್ಲವನ್ನೂ ಸಂಶಯಿಸುವವನು ಇದೊಂದನ್ನು ಯಾಕೆ ಸಂಶಯಿಸಲಿಲ್ಲ – ಉತ್ತರ ಆಗಲೇ ಬರೆದಿದ್ದೇನೆ.

ಪೊಳಲಿಯ ಆ ಕ್ಷಣವನ್ನು ಪರಿಶೀಲಿಸಲು ನನಗೆ ದಾರಿಯಿಲ್ಲ. ಆದ್ದರಿಂದ ಆ ಸಂಶಯವನ್ನು ನನ್ನ ಪರವಾಗಿ ಎಣಿಸಿಕೊಳ್ಳುವುದಿಲ್ಲ. ಬರುವ ಭಾನುವಾರ ತೋಡಾರಿಗೆ ಹೋಗಿ ಬಿಸ್ಕತ್ತಿನ ಪೊಟ್ಟಣದ ವಿಷಯವನ್ನು ವನಿತಾಳಿಗೆ ಹೇಳುತ್ತೇನೆ. ಭಾವನಿಗೆ, ಅವಳ ಅತ್ತೆಗೆ, ಆ ಚಿಕಿತ್ಸಕಿಗೆ – ತಡ ಮಾಡಿದ್ದು ಅವಳಲ್ಲ ಎಂದು ನಾನೇ ಹೇಳುತ್ತೇನೆ. ಅವಳು ಏನೆನ್ನುತ್ತಾಳೋ, ಅದು ಅವಳಿಗೆ ಬಿಟ್ಟದ್ದು.

ಪರಿಶೀಲಿಸಲು ಆಗುವುದು ಒಂದಿತ್ತು – ಅಮ್ಮನ ಆ ತಮಾಷೆ. ಅದನ್ನು ಮಾಡಿದೆ. ಅಪ್ಪ ದುಬಾಯಿಯಲ್ಲಿದ್ದಾಗ ನಮ್ಮಲ್ಲಿ ಕಾಗದಕ್ಕಿಂತ ಕ್ಯಾಸೆಟ್ಟೇ ಹೆಚ್ಚು. ನಮ್ಮ ಮಾತು ತುಂಬಿಸಿ ಊರಿಗೆ ಬಂದವರ ಕೈಯಲ್ಲಿ ಕಳಿಸುವುದು, ಅಪ್ಪ ಅದರ ಮೇಲೆಯೇ ತಮ್ಮ ಮಾತು ತುಂಬಿಸಿ ಹಿಂದೆ ಕಳಿಸುವುದು. ಹಾಗೆ ಎಲ್ಲವೂ ಅಳಿಸಿಹೋಗಿವೆ. ಒಂದರ ಮೇಲೆ ಮಾತ್ರ ಅಪ್ಪ ಏನನ್ನೂ ತುಂಬಿಸಿರಲಿಲ್ಲ; ಅಮ್ಮನ ಕಪಾಟಿನ ಹಾಲಿನ ಪುಡಿಯ ಡಬ್ಬಿಯಲ್ಲಿ ಅದು ಉಳಿದಿತ್ತು. ಬೆಳ್ತಂಗಡಿಯಲ್ಲಿ ಹಳೆಯ ಟೇಪ್ ರೆಕಾರ್ಡರ್ ರಿಪೇರಿ ಮಾಡುವವರೊಬ್ಬರ ಅಂಗಡಿಗೆ ಒಯ್ದೆ.

"ರಿಬ್ಬನ್ ತುಂಡಾದ್ರೆ ನನ್ನ ಹತ್ರ ಹೇಳ್ಬೇಡಿ ಸರ್" ಎಂದು ಅವರು ಗುಂಡಿ ಒತ್ತಿದರು.

ಒಂದಿಷ್ಟು ಗರಗರ. ಬಳಿಕ ಒಂದು ಮಗು – ಸೈಕಲ್ ತರಬೇಕು, ಕೆಂಪು ಸೈಕಲ್, ಪಪ್ಪ ಯಾವಾಗ ಬರುವುದು, ಕರಿ ದನ ನನ್ನನ್ನು ಹಾಯಲು ಬಂತು – ನಿಲ್ಲಿಸದೆ ಹೇಳುತ್ತಲೇ ಇತ್ತು.

"ಯಾರ ಮಗು ಸರ್?" ಎಂದರು ಅಂಗಡಿಯವರು. "ವಕೀಲ ಆಗಿರ್ಬೇಕು ಈಗ."

ಅಮ್ಮನ ಎಳೆಯ ಸ್ವರ ನಡುವೆ ಬಾಯಿಹಾಕಿ ನನ್ನ ಹೆಸರು ಹೇಳಿ ಸುಮ್ಮನಿರಿಸಿತು. ಇವನ ಬಾಯಿಯೇ ನಿಲ್ಲುವುದಿಲ್ಲ, ಹೊಟ್ಟೆಯಲ್ಲಿರುವುದು ಹೇಗುಂಟೋ ಎಂದಿತು.

ಹೊಟ್ಟೆಯಲ್ಲಿದ್ದದ್ದು ವನಿತಾ. ನಾನು ಅವಳಿಗಿಂತ ಎರಡೂವರೆ ವರ್ಷಕ್ಕೆ ದೊಡ್ಡವನು; ಕ್ಯಾಸೆಟ್ಟಿನಲ್ಲಿ ಮಾತಾಡುವಾಗ ನನಗೆ ಅಷ್ಟೂ ಆಗಿರಲಿಲ್ಲ.