ಜಿನೋವಾಕ್ಕೆ ಮಿಲುಶೆ ಎಳೆದ ದಾರಿ

ಮಿಲುಶೆ ಹೆಡ್ವಿಕಾಳನ್ನು ಮೊದಲು ಕಂಡದ್ದು ಹತ್ತೊಂಬತ್ತು ವರ್ಷಗಳ ಹಿಂದೆ, ನವೆಂಬರಿನ ಒಂದು ಸಂಜೆ, ಐದು ಗಂಟೆ ಹತ್ತು ನಿಮಿಷಕ್ಕೆ. ನಿಮಿಷವೂ ನೆನಪಿರುವುದಕ್ಕೆ ಕಾರಣವಿದೆ. ಲ್ಹೋಟ್ಕಾ ಹಳ್ಳಿಗೆ ಹೋಗುವ ಒಂಟಿ ಡಬ್ಬಿಯ ಗಾಡಿ ಐದೂ ಎಂಟಕ್ಕೇ ಹೊರಡಬೇಕಿತ್ತು, ಮಿಲುಶೆ ಅದನ್ನು ತಡೆದು ನಿಲ್ಲಿಸಿದ್ದಳು. ಆ ಕವಲು ನಿಲ್ದಾಣಕ್ಕೆ ಅವಳೇ ಸ್ಟೇಷನ್ ಮಾಸ್ಟರು. ತಲೆಯ ಮೇಲೆ ಕೆಂಪು ಟೋಪಿ, ಕೈಯಲ್ಲಿ ಗಾಡಿ ಬಿಡಲು ಎತ್ತುವ ಹಸಿರು ಬಿಲ್ಲೆಯ ಕೋಲು. ಚೆಕ್ ದೇಶದ ಪ್ರೆರೋವ್ ಪಟ್ಟಣದ ಕಡೆಯಿಂದ ಬರುವ ವೇಗದ ಗಾಡಿ ತಡವಾಗಿತ್ತು.

ಗಾಡಿ ಬಂತು. ಕೊನೆಯ ಡಬ್ಬಿಯಿಂದ ಹದಿನಾರರ ಹುಡುಗಿಯೊಬ್ಬಳು ಇಳಿದು ಓಡತೊಡಗಿದಳು. ಒಂದು ಬೂಟಿನ ದಾರ ಬಿಚ್ಚಿತ್ತು. ತುಂಬಿದ ಕೊಡ ಹೊತ್ತವರಂತೆ ಎರಡೂ ಕೈಯಲ್ಲಿ ಕೇಕಿನ ಡಬ್ಬವೊಂದನ್ನು ಅಲುಗದ ಹಾಗೆ ಹಿಡಿದಿದ್ದಳು.

"ಓಡಬೇಡ ಮಾರಾಯ್ತಿ, ಬೀಳ್ತೀಯ! ಗಾಡಿ ಎಲ್ಲೂ ಹೋಗಲ್ಲ."

"ನಿಜವಾಗ್ಲೂ ಕಾಯುತ್ತಾ?"

"ಕಾಯುತ್ತೆ, ಬಾ."

ಒಂಟಿ ಡಬ್ಬಿಯ ಚಾಲಕ ಕಿಟಕಿಯಿಂದ ತಲೆ ಹಾಕಿದ. "ಏನ್ ಮಿಲುಶೆ, ಇವಳೇನು ಮಹಾರಾಣಿನಾ? ಮನೇಲಿ ನನ್ನ ಸೂಪು ಆರಿಹೋಗ್ತಿದೆ!"

"ಆರಿದ್ರೆ ಕಾಯಿಸ್ಕೋ. ಮಗು ಇನ್ನೆರಡು ಗಂಟೆ ಇಲ್ಲಿ ನಡುಗ್ಬೇಕಾ?"

ಕೇಕು ಅಕ್ಕ ಸ್ಲಾವ್ಕಾಳ ಹೆಸರಿನ ಹಬ್ಬಕ್ಕೆ, ಪಂಚಾಂಗದಲ್ಲಿ ಅವಳ ಹೆಸರು ಬರುವ ದಿನಕ್ಕೆ, ಎಂದು ಹುಡುಗಿ ಏದುಸಿರಿನಲ್ಲಿ ಹೇಳಿ ಹತ್ತಿಕೊಂಡಳು. ಮಿಲುಶೆ ಕೋಲೆತ್ತಿದಳು.

ಇಪ್ಪತ್ತೆರಡು ವರ್ಷ ಅವಳು ಈ ಕೆಲಸ ಮಾಡಿದಳು. ಆಮೇಲೆ ಆ ದಾರಿಯ ಸಿಗ್ನಲ್ಲುಗಳನ್ನೆಲ್ಲ ಪ್ರೆರೋವ್‌ನ ಒಂದು ದೊಡ್ಡ ಕೋಣೆಯಿಂದಲೇ ಆಡಿಸುವ ಏರ್ಪಾಟು ಬಂತು. ನಿಲ್ದಾಣಕ್ಕೆ ಬೀಗ ಬಿತ್ತು, ಮಿಲುಶೆಗೆ ನಿವೃತ್ತಿ ಸಿಕ್ಕಿತು. ನಿಲ್ದಾಣದ ಮೇಲಂತಸ್ತಿನ ಮನೆಯನ್ನು ಮಾತ್ರ ಅವಳು ಬಾಡಿಗೆಗೆ ಉಳಿಸಿಕೊಂಡಳು. ಕೆಳಗೆ ಗಾಡಿ ಬಂದಾಗಲೆಲ್ಲ ಕಿಟಕಿಗೆ ಹೋಗಿ ಗಡಿಯಾರ ನೋಡುವುದು ಬಿಡಲಿಲ್ಲ.

ಕಳೆದ ವರ್ಷದ ಮಾರ್ಚಿನಲ್ಲಿ ಹೆಡ್ವಿಕಾ ಆ ಮನೆಯ ಮೆಟ್ಟಿಲು ಹತ್ತಿದಳು. ಈಗ ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಇಬ್ಬರು ಮಕ್ಕಳು. ಹಿಂದೆ ಗಂಡ ವೀಟ್, ಯಂತ್ರದ ಕಾರ್ಖಾನೆಯವನು, ಒಲ್ಲದ ಮನಸ್ಸಿನಿಂದ ಬಂದಿದ್ದ.

"ತೇತಾ," ಎಂದಳು ಹೆಡ್ವಿಕಾ. ಊರಿನ ಹಿರಿಯ ಹೆಂಗಸರನ್ನೆಲ್ಲ ಅವರು ಹಾಗೇ ಚಿಕ್ಕಮ್ಮ ಎಂದು ಕರೆಯುವುದು. "ಜಿನೋವಾಕ್ಕೆ ನಾಲ್ಕು ಜನ ಹೋಗ್ಬೇಕು. ಫೋನಲ್ಲಿ ಟಿಕೆಟೆಲ್ಲ ಹುಡುಕಿದೀನಿ. ಕೊಳ್ಳೋ ಗುಂಡಿ ಒತ್ತೋದೊಂದೇ ಬಾಕಿ. ಯಾಕೋ ಬೆರಳು ಬರ್ತಿಲ್ಲ."

ಬೆರಳು ಬಾರದ ಕಾರಣ ಊರಿಗೆಲ್ಲ ಗೊತ್ತಿತ್ತು. ಇಟಲಿಯವನನ್ನು ಮದುವೆಯಾಗಿ ಜಿನೋವಾದಲ್ಲಿದ್ದ ಸ್ಲಾವ್ಕಾ ನಾಲ್ಕು ವರ್ಷದ ಹಿಂದೆ ತಾಯಿಯ ಮಣ್ಣಿಗೆ ಬರುವಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು. ಹೆಡ್ವಿಕಾ ಎಲ್ಲರೆದುರು, "ಅಮ್ಮನ ಮಣ್ಣಿಗೂ ನಿನಗೆ ಹೊತ್ತಿಗೆ ಸರಿಯಾಗಿ ಬರೋಕಾಗ್ಲಿಲ್ಲ" ಎಂದುಬಿಟ್ಟಿದ್ದಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಈಗ ಸ್ಲಾವ್ಕಾಳಿಗೆ ಹೆಣ್ಣುಮಗು. ಮೇ ತಿಂಗಳ ಎರಡನೇ ಭಾನುವಾರ ಮೂರು ಗಂಟೆಗೆ ಚರ್ಚಿನಲ್ಲಿ ನಾಮಕರಣದ ದೀಕ್ಷಾಸ್ನಾನ. ಮಗುವನ್ನು ಎತ್ತಿ ಹಿಡಿಯುವ ಧರ್ಮತಾಯಿ ನೀನೇ ಆಗಬೇಕು ಎಂದು ಬರೆದಿದ್ದಳು. ಕೆಳಗೆ ಇನ್ನೊಂದು ಸಾಲು: ಹೊತ್ತಿಗೆ ಸರಿಯಾಗಿ ಬಾ.

ಆ ಸಾಲು ಹೆಡ್ವಿಕಾಳ ನಿದ್ದೆ ಕೆಡಿಸಿತ್ತು. ನಾಲ್ವರಿಗೆ ವಿಮಾನ ಕೈಗೆಟಕುವ ಮಾತಲ್ಲ. ಅವರ ಹಳೆಯ ಕಾರು ಆಲ್ಪ್ಸ್ ಬೆಟ್ಟ ಇರಲಿ, ಪ್ರೆರೋವ್‌ನ ಸೇತುವೆ ಹತ್ತುವುದೇ ಕಷ್ಟ.

ಅವಳು ಫೋನು ಮುಂದೆ ಹಿಡಿದಳು. ಶನಿವಾರ ಸಂಜೆ ವಿಯೆನ್ನಾಕ್ಕೆ, ಅಲ್ಲಿಂದ ರಾತ್ರಿ ಗಾಡಿಯಲ್ಲಿ ವೆನಿಸ್ ಹೊರಗಿನ ಮೆಸ್ತ್ರೆಗೆ, ಅಲ್ಲಿಂದ ವೇಗದ ಗಾಡಿಯಲ್ಲಿ ಮಿಲಾನ್, ಆಮೇಲೆ ಜಿನೋವಾ. ಎಲ್ಲವೂ ಬೇರೆ ಬೇರೆ ತುಂಡು ಟಿಕೆಟು. ತುಂಡು ಮಾಡಿದರೆ ಅಗ್ಗ.

ಮಿಲುಶೆ ಕನ್ನಡಕ ಸರಿಮಾಡಿಕೊಂಡಳು. "ಮೆಸ್ತ್ರೆಯಲ್ಲಿ ಗಾಡಿ ಬದಲಿಸೋಕೆ ಎಷ್ಟು ಹೊತ್ತು?"

"ಹನ್ನೆರಡು ನಿಮಿಷ."

"ಎರಡು ಮಕ್ಕಳು, ನಾಲ್ಕು ಚೀಲ, ಹನ್ನೆರಡು ನಿಮಿಷ. ರಾತ್ರಿ ಗಾಡಿ ತಡ ಆದ್ರೆ?"

"ಆದ್ರೆ ಏನು ತೇತಾ, ಮುಂದಿನ ಗಾಡಿ ಕಾಯುತ್ತಲ್ಲ. ಯಾವಾಗ್ಲೂ ಕಾಯುತ್ತೆ."

ಮಿಲುಶೆ ತಟಕ್ಕನೆ ತಲೆಯೆತ್ತಿದಳು. ಹುಡುಗಿ ತಮಾಷೆ ಮಾಡುತ್ತಿರಲಿಲ್ಲ. ಅವಳು ಓಡಾಡಿ ಬೆಳೆದ ಈ ಕವಲಿನಲ್ಲಿ ಗಾಡಿ ಕಾದೇ ಕಾಯುತ್ತಿತ್ತು. ಮಳೆ ಬೀಳುವಷ್ಟೇ ಸಹಜವಾಗಿ.

"ಗಾಡಿ ಕಾಯಲ್ಲ ಕಣೇ," ಎಂದಳು ಮೆಲ್ಲಗೆ. "ನಾನು ಕಾಯಿಸ್ತಿದ್ದೆ. ಪ್ರತಿ ಸಲ ಮೇಲಿನವರಿಗೆ ಫೋನು ಹಚ್ಚಿ, ಬೈಸಿಕೊಂಡು. ಅಲ್ಲಿ ನಿನಗಾಗಿ ಬೈಸಿಕೊಳ್ಳೋರು ಯಾರಿದಾರೆ? ಗಾಡಿ ತಪ್ಪಿದ್ರೆ ಆ ಟಿಕೆಟು ರದ್ದಿ, ಅದರ ಮುಂದಿಂದೂ ರದ್ದಿ."

ಹೆಡ್ವಿಕಾ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

ಮಿಲುಶೆ ಚೌಕಗಳ ಗೆರೆಹಾಳೆ ತಂದಳು. ಅಡ್ಡಕ್ಕೆ ಗಂಟೆಗಳು, ಉದ್ದಕ್ಕೆ ಊರುಗಳು, ಗಾಡಿ ಎಂದರೆ ಒಂದು ಓರೆ ಗೆರೆ. ಸ್ಟೇಷನ್ ಮಾಸ್ಟರುಗಳು ಕಲಿಯುವುದೇ ಹಾಗೆ. ಆದರೆ ಅವಳು ಲ್ಹೋಟ್ಕಾದಿಂದ ಶುರುಮಾಡಲಿಲ್ಲ. ಕೆಳತುದಿಯಲ್ಲಿ ಚರ್ಚು, ಮೂರು ಗಂಟೆ ಎಂದು ಬರೆದು ಅಲ್ಲಿಂದ ಹಿಂದಕ್ಕೆ ಗೆರೆ ಎಳೆಯುತ್ತ ಬಂದಳು. ಗೆರೆ ಗೆರೆಯ ನಡುವೆ ಅಗಲವಾದ ಬಿಳಿ ಜಾಗ ಬಿಟ್ಟಳು. ಶುಕ್ರವಾರ ಸಂಜೆಯೇ ಹೊರಟು ವಿಯೆನ್ನಾದಲ್ಲಿ ವೀಟ್‌ನ ಗೆಳೆಯನ ಮನೆ. ಶನಿವಾರ ಬೆಳಿಗ್ಗೆ ಬೆಟ್ಟ ದಾಟುವ ಗಾಡಿ. ಮೆಸ್ತ್ರೆಯಲ್ಲಿ ಒಂದು ಗಂಟೆ ಹತ್ತು ನಿಮಿಷ ಬಿಡುವು. ಅಲ್ಲಿಂದ ವೆರೋನಾ, ಮಿಲಾನ್ ಮೇಲೆ ಜಿನೋವಾದವರೆಗೆ ಊರೂರಿಗೆ ನಿಲ್ಲುವ ಸಾದಾ ಗಾಡಿಗಳು.

"ಸಾದಾ ಗಾಡಿ ಟಿಕೆಟು ಅಗ್ಗ. ಒಂದು ತಪ್ಪಿದ್ರೆ ಅದೇ ಟಿಕೆಟಲ್ಲಿ ಅದರ ಹಿಂದೆ ಬರೋದನ್ನ ಹತ್ತಬಹುದು."

"ಶನಿವಾರ ನಂಗೆ ಪಾಳಿ ಇದೆ," ಎಂದ ವೀಟ್. "ಮೇಸ್ತ್ರಿ ಕಾಲು ಹಿಡೀಬೇಕು. ನಾವು ಮಗುವಿಗೆ ಹೆಸರಿಡೋಕೆ ಹೋಗ್ತಿದೀವೋ, ದಂಡಯಾತ್ರೆಗೋ?"

"ಮೇಸ್ತ್ರಿ ಕಾಲು ಹಿಡಿಯೋದು ಸುಲಭ ಕಣಪ್ಪಾ. ಹೆಂಡ್ತಿ ಅಕ್ಕನ ಕಾಲು ಹಿಡಿದು ನೋಡು."

ವೀಟ್ ನಕ್ಕುಬಿಟ್ಟ. ಪಾಳಿ ಬಿಡಿಸಿಕೊಂಡ.

ಒಂದು ಸಂಗತಿಯನ್ನು ಮಿಲುಶೆ ಅವರಿಗೆ ಹೇಳಲಿಲ್ಲ. ವಿಯೆನ್ನಾದಿಂದ ಆಚೆಗೆ ಅವಳೇ ಎಂದೂ ಹೋದವಳಲ್ಲ. ಹಾಳೆಯ ಅರ್ಧಕ್ಕಿಂತ ಹೆಚ್ಚು ಊರುಗಳು ಅವಳಿಗೆ ಬರೀ ವೇಳಾಪಟ್ಟಿಯ ಹೆಸರುಗಳು.

ಆ ಶನಿವಾರ ಬೆಳಗಿನಿಂದಲೇ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಜಿನ ಮೇಲೆ ಹಾಳೆಯ ನಕಲು, ಪಕ್ಕದಲ್ಲಿ ಫೋನು. ಕಾಫಿ ಮಾಡಿದಳು, ಕುಡಿಯಲು ಮರೆತಳು. ಹನ್ನೆರಡೂವರೆಗೆ ಫೋನು ಬಡಿದುಕೊಂಡಿತು.

"ತೇತಾ, ನಿಂತುಬಿಟ್ಟಿದೆ. ಇಟಲಿ ಗಡಿ ದಾಟಿದ ಕೂಡ್ಲೇ. ಮುಂದೆ ಹಳಿ ಮೇಲೆ ಮರ ಬಿದ್ದಿದೆಯಂತೆ."

"ಮಕ್ಕಳು?"

"ಡಬ್ಬಿ ತುಂಬ ವಾಸನೆ ಹಬ್ಬಿಸ್ಕೊಂಡು ಕರಿದ ಮಾಂಸ ತಿಂತಿದಾರೆ. ಎದುರಿನವರು ನಮ್ಮನ್ನ ನೋಡಿ, ದಾರಿಗೆ ಕರಿದ ಮಾಂಸ ಕಟ್ಕೊಂಡು ಬರೋರು ಚೆಕ್‌ನವರೇ, ಕೇಳದೇನೇ ಗೊತ್ತಾಯ್ತು ಅಂದ್ರು."

"ತಿನ್ನಲಿ. ಹೊಟ್ಟೆ ತುಂಬಿದ ಮಕ್ಕಳು ಅಳಲ್ಲ."

ಮಾತು ಮುಗಿದ ಮೇಲೆ ಅವಳು ಹಾಳೆಯ ಬಿಳಿ ಜಾಗವನ್ನು ಬೆರಳಿನಿಂದ ಅಳೆದಳು. ಅರ್ಧ ಗಂಟೆ ಹೋಯಿತು, ಒಂದು ಗಂಟೆ ಹೋಯಿತು. ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲೆ ಗಾಡಿ ಹೊರಟಿತೆಂದು ತಿಳಿದಾಗ ಬಿಡುವು ಪೂರ್ತಿ ತಿಂದುಹೋಗಿ ಮೇಲೆ ಹತ್ತು ನಿಮಿಷ ಸಾಲವಾಗಿತ್ತು. ಅವಳ ಬಲಗೈ ತಾನಾಗಿ ಗೋಡೆಯ ಕಡೆ ಚಾಚಿತು. ಕೆಳಗಿನ ಆಫೀಸಿನಲ್ಲಿ ಮೇಲಿನವರ ಫೋನು ಇದ್ದದ್ದು ಆ ಕಡೆ. ಕೈಗೆ ಸಿಕ್ಕಿದ್ದು ಬರಿ ಸುಣ್ಣ. ಯಾರಿಗೆ ಹೇಳುವುದು, ಯಾವ ಗಾಡಿ ತಡೆಯುವುದು?

ಮೆಸ್ತ್ರೆಯಿಂದ ಹೆಡ್ವಿಕಾ ಅಳುದನಿಯಲ್ಲಿ ಮಾತಾಡಿದಳು. "ಹೋಯ್ತು ತೇತಾ. ಅದೂ ತಡವಾಗೇ ಹೊರಟಿತ್ತು, ಕಣ್ಣೆದುರೇ ಬಾಲ ಕಾಣಿಸ್ತು."

"ಹೋಗ್ಲಿ ಬಿಡು. ಆ ಕಂಬದ ಮೇಲಿನ ಪಟ್ಟಿ ನೋಡು. ವೆರೋನಾಕ್ಕೆ ಮುಂದಿನ ಸಾದಾ ಗಾಡಿ ಎಷ್ಟಕ್ಕೆ?"

"ಇನ್ನು... ನಲವತ್ತು ನಿಮಿಷಕ್ಕೆ."

"ಅದೇ ಟಿಕೆಟು, ಅದನ್ನೇ ಹತ್ತು. ಪ್ಲಾಟ್‌ಫಾರಂ ಬಿಟ್ಟು ಯಾರೂ ಕದಲಬೇಡಿ. ನಿನ್ನ ಗಂಡನಿಗೆ ಬಿಯರ್ ಬೇಕೆನಿಸಿದ್ರೆ ಜಿನೋವಾದಲ್ಲಿ ಕುಡೀಲಿ."

ವೆರೋನಾದಿಂದ ಒಂದು ಸಂದೇಶ ಬಂತು: ಹತ್ತಿದೆವು. ಆಮೇಲೆ ಏನೂ ಇಲ್ಲ. ಮಿಲುಶೆ ಕರೆ ಮಾಡಿದರೆ ಫೋನು ಸತ್ತಿತ್ತು. ಭಾನುವಾರ ಬೆಳಿಗ್ಗೆಯೂ ಸತ್ತಿತ್ತು. ಮಿಲಾನಿನಲ್ಲಿ ಕೊನೆಯ ಗಾಡಿ ತಪ್ಪಿತೇ? ಮಕ್ಕಳು ಬೆಂಚಿನ ಮೇಲೆ ಮಲಗಿದರೇ? ವೀಟ್‌ನ ಪಾಳಿ ಬಿಡಿಸಿ ತಾನೇ ಅವರನ್ನು ಹೊರಡಿಸಿದ್ದು. ಮೂರು ಗಂಟೆ ಹೊಡೆದಾಗ ಅವಳು ಹಾಳೆಯನ್ನು ಮಗುಚಿ ಹಾಕಿದಳು. ನೋಡಲಾಗಲಿಲ್ಲ.

ನಾಲ್ಕೂವರೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ತೇತಾ ಮಿಲುಶೆ? ನಾನು ಸ್ಲಾವ್ಕಾ. ಹೆಡ್ವಿಕಾ ಫೋನು ನಿನ್ನೆ ಗಾಡೀಲೇ ಮಗ ಕೆಳಗೆ ಹಾಕಿ ಒಡೆದ. ನಿಮ್ಮ ನಂಬರು ಈಗ ಊರಿಗೆ ಫೋನು ಮಾಡಿ ಕೇಳಿ ತಗೊಂಡೆ."

"ಅವಳು ಬಂದ್ಳಾ?"

"ನಿನ್ನೇನೇ ಬಂದ್ಳು, ಹತ್ತು ಗಂಟೆಗೆ. ಸ್ಟೇಷನ್ನಿಗೆ ನಾನೇ ಹೋಗಿದ್ದೆ. ನಾನು ಅರ್ಧ ಗಂಟೆ ತಡವಾಗಿ ಹೋದೆ ತೇತಾ. ಮಗು ಹಾಲಿಗೆ ಅಳ್ತಿತ್ತು. ಎರಡು ಮಕ್ಕಳನ್ನ ಚೀಲದ ಮೇಲೆ ಮಲಗಿಸ್ಕೊಂಡು ಅವಳು ಕಾಯ್ತಾ ಕೂತಿದ್ಲು. ತಡದ ಮಾತೇ ಎತ್ತಲಿಲ್ಲ. ಎದ್ದು ಬಂದು ತಬ್ಬಿಕೊಂಡ್ಳು."

ಹಿಂದುಗಡೆ ಮಗುವಿನ ಅಳು, ದೀಕ್ಷಾಸ್ನಾನದ ಊಟದ ತಟ್ಟೆಗಳ ಸದ್ದು, ಹೆಡ್ವಿಕಾಳ ನಗು ಕೇಳಿಸಿತು. ಮಿಲುಶೆ ಸರಿ ಎಂದಳು, ಮಗುವಿನ ತಲೆಗೆ ಗಾಳಿ ತಾಗಿಸಬೇಡಿ ಎಂದಳು, ಫೋನಿಟ್ಟು ಮಗುಚಿದ ಹಾಳೆಯನ್ನು ಮತ್ತೆ ನೆಟ್ಟಗೆ ತಿರುಗಿಸಿದಳು.

ಈಗ ಮಿಲುಶೆಗೆ ಅರವತ್ತೆರಡು. ಜಿನೋವಾದ ಆ ಹಾಳೆಯ ಸುದ್ದಿ ಹಬ್ಬಿದ ಮೇಲೆ, ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಪ್ರೆರೋವ್‌ನ ಒಂದು ವಾಚನಾಲಯದಲ್ಲಿ ಕುಳಿತು, ಯುರೋಪಿನ ಬೇರೆ ಊರುಗಳಿಗೆ ಹೋಗಬೇಕಾದ ಕುಟುಂಬಗಳಿಗೆ ಕಡಿಮೆ ಖರ್ಚಿನ ರೈಲು ದಾರಿ ಬರೆದುಕೊಡುತ್ತಾಳೆ.